ರೇಣಮ್ಮನ ನಲವತ್ತೊಂದು ಕಿಲೋ

ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ರೇಣಮ್ಮ ಚಪ್ಪಲಿ ಬಿಟ್ಟು ತೂಕದ ಯಂತ್ರದ ಮೇಲೆ ನಿಂತಳು. ಕೆಂಪು ಅಂಕಿ ಒಂದಿಷ್ಟು ಕುಣಿದು ಮೂವತ್ತೆಂಟು ಪಾಯಿಂಟ್ ಎರಡಕ್ಕೆ ಬಂದು ಗಪ್ಪಾಯಿತು. ಮೂರು ವಾರದ ಹಿಂದೆ ಇದೇ ಯಂತ್ರ ನಲವತ್ತೆರಡೂವರೆ ತೋರಿಸಿತ್ತು. ಕೈಯಲ್ಲಿ ಫೈಲು ಹಿಡಿದಿದ್ದ ನರ್ಸು ಜಗದೇವಪ್ಪ ಅಂಕಿಯನ್ನು ನೋಡಿದ, ರೇಣಮ್ಮನ ಗಲ್ಲದ ಎಲುಬನ್ನು ನೋಡಿದ, ಕೊನೆಗೆ ಅವಳ ಗಂಡ ಹಣಮಂತ್ರಾಯನ ಕಡೆ ತಿರುಗಿದ. ಜಗದೇವಪ್ಪ ಗುರುಮಠಕಲ್ ಕಡೆಯವನು. ಅಲ್ಲಿ ಕನ್ನಡ ಮಾತಾಡುವ ರೋಗಿಗಳಿಗೆಲ್ಲ ಅವನೇ ಬಾಯಿ, ಅವನೇ ಕಿವಿ.

"ಅಣ್ಣಾರ, ಈ ಅಕ್ಕಾರಿಗಿ ಮನ್ಯಾಗ ಏನ್ ಉಣ್ಣಾಕ ಹಾಕಾಕತ್ತೀರಿ?"

ಈ ಪ್ರಶ್ನೆ ಬರಲಿ ಎಂದೇ ಹಣಮಂತ್ರಾಯ ಮೂರು ವಾರದಿಂದ ಕಾದಿದ್ದ. ಶಭಾಷ್ ಅನ್ನಿಸಿಕೊಳ್ಳುವ ಹೊತ್ತು ಬಂತೆಂದು ಎದೆ ಸೆಟೆಸಿದ.

"ಏನೂ ಹಾಕಂಗಿಲ್ರಿ! ಸಕ್ರಿ ಬಂದ್, ಬೆಲ್ಲ ಬಂದ್. ರೊಟ್ಟಿ, ಅನ್ನ, ಬಾಳಿಹಣ್ಣು ಎಲ್ಲಾ ಬಂದ್. ಹಾಗಲಕಾಯಿ, ಪುಂಡಿಪಲ್ಯ, ಮಜ್ಜಿಗಿ, ಅಷ್ಟ. ನೀವು ಹೇಳಿದಂಗ ಬರೋಬ್ಬರಿ ನಡದೇನ್ರಿ."

"ನಾ ಯಾವಾಗ ಹೇಳೀನ್ರಿ ಹಂಗ?"

"ಗಡ್ಡಿ ಸಕ್ರಿ ತಿಂತದ ಅಂದ್ರಿಲ್ಲ? ತಿನ್ನಾಕ ಸಿಗಲಿಲ್ಲಂದ್ರ ಅದು ಸಾಯ್ಲೇಬೇಕಲ್ಲ?"

ಜಗದೇವಪ್ಪ ಫೈಲನ್ನು ಮೇಜಿನ ಮೇಲಿಟ್ಟು ಕುರ್ಚಿಯ ಮೇಲೆ ಕುಂತುಬಿಟ್ಟ.

ಹಣಮಂತ್ರಾಯ ಸಗರದ ಹತ್ತಿರದ ಕಾಲುವೆಯ ಮೇಲೆ ಲಷ್ಕರ್. ಅಂದರೆ ಭೀಮರಾಯನಗುಡಿಯ ನೀರಾವರಿ ಆಫೀಸಿನಿಂದ ಹುಕುಂ ಬಂದಾಗ ಗೇಟು ಏರಿಸುವುದು, ಇಳಿಸುವುದು, ಒಡ್ಡು ಕಾಯುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದವನು. ಹುಕುಂ ಬಂದರೆ ಮರುಮಾತಿಲ್ಲದೆ ನಡೆಸುವುದು ಅವನ ಮೈಗೆ ಹತ್ತಿದ ರೂಢಿ. ರೇಣಮ್ಮನ ಪುಪ್ಪುಸದಲ್ಲಿ ಗಡ್ಡೆ ಇದೆ ಎಂದು ಗೊತ್ತಾದ ಮೇಲೆ ಅವರಿವರ ಕೈಕಾಲು ಹಿಡಿದು ಈ ದವಾಖಾನೆಗೆ ಬಂದಿದ್ದರು. ಇಲ್ಲಿ ಒಂದು ಹೊಸ ಅಭ್ಯಾಸ, ಅಂದರೆ ಹೊಸ ಔಷಧವನ್ನು ರೋಗಿಗಳ ಮೇಲೆ ಪರೀಕ್ಷಿಸಿ ನೋಡುವ ಕೆಲಸ, ನಡೆದಿತ್ತು. ಮೈಯೊಳಗಿನ ಕಾವಲು ಕಣಗಳನ್ನೇ ಎಬ್ಬಿಸಿ ಗಡ್ಡೆಯ ಮೇಲೆ ಬಿಡುವ ಇಂಜೆಕ್ಷನ್ನು, ಅದರ ಜೊತೆಗೆ ಒಂದು ಗುಳಿಗೆ. ಮೂರು ವಾರಕ್ಕೊಂದು ಇಂಜೆಕ್ಷನ್ನು. ಎರಡು ಆಗಿದ್ದವು. ಎರಡನೆಯದನ್ನು ಕೊಟ್ಟ ದಿನ ಡಾಕ್ಟರಮ್ಮ ಗಡ್ಡೆಯ ಊಟದ ಬಗ್ಗೆ ಏನೇನೋ ವಿವರಿಸಿದ್ದರು. ಅದರಲ್ಲಿ ಅರ್ಧವನ್ನು ಹಣಮಂತ್ರಾಯ ಊರಿಗೆ ಒಯ್ದ, ಉಳಿದರ್ಧ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಕರಗಿಹೋಯಿತು. ಪಕ್ಕದ ಮನೆಯ ಕುಬ್ರಾಬೇಗಂ ಆ ಗುಳಿಗೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಇದು ತಾನು ಹತ್ತು ವರ್ಷದಿಂದ ನುಂಗುತ್ತಿರುವ ಸಕ್ಕರೆ ಬೇನೆಯದೇ ಗುಳಿಗೆ ಎಂದು ಸಾಕ್ಷಿ ನುಡಿದ ಮೇಲಂತೂ ಸಂಶಯವೇ ಉಳಿಯಲಿಲ್ಲ. ವೈರಿ ಸಕ್ಕರೆ. ಬಂದ್ ಮಾಡು.

ಡಾಕ್ಟರಮ್ಮ ಬಂದು ತೆಲುಗಿನಲ್ಲಿ ನಾಲ್ಕು ಮಾತು ಹೇಳಿ ಹೋದರು. ಸಿಟ್ಟು ಮಾಡಲಿಲ್ಲ, ಅದೇ ಹೆಚ್ಚು ಚುಚ್ಚಿತು. ಜಗದೇವಪ್ಪ ಅದನ್ನು ಕನ್ನಡಕ್ಕೆ ತಂದ.

"ಇವತ್ತು ಇಂಜೆಕ್ಷನ್ ಇಲ್ರಿ. ಈ ಮೈ ತಡಿಯಂಗಿಲ್ಲ. ನಲವತ್ತೊಂದು ಕಿಲೋ ಆದ್ರ ಮೂರನೇದು ಕೊಡ್ತೀವಿ. ಐದು ವಾರದ ಗಡುವು. ಅದು ದಾಟಿದ್ರ ಈ ಅಭ್ಯಾಸದಿಂದ ಅಕ್ಕಾರ ಹೆಸರು ತಗೀತಾರ. ಮತ್ತ ಸೇರಸಾಕ ಬರಂಗಿಲ್ಲ."

"ಹಂಗಂದ್ರ ಗಡ್ಡಿ ಸಕ್ರಿ ತಿನ್ನೂದು ಸುಳ್ಳೇನ್ರಿ?"

"ಖರೇನ ಅದ. ಬಕಾಸುರನಂಗ ತಿಂತದ. ತಿಂದು ಸುತ್ತಮುತ್ತ ಹುಳಿ ಕಾರ್ತದ. ಆ ಹುಳ್ಯಾಗ ನಮ್ಮ ಕಾವಲಿನೋರು ಕೈಕಾಲು ಸೋತು ಕುಂದರ್ತಾರ. ಆದ್ರ ಅವರಿಗೂ ಅದೇ ಸಕ್ರಿನ ಕೂಳು. ಇಂಜೆಕ್ಷನ್ ಕೊಟ್ಟು ನಾವು ಅವರನ್ನ ಎಬ್ಬಿಸಿದ್ವಿ. ನೀವು ಊರಿಗಿ ಹೋಗಿ ಅವರ ಗಂಗಾಳ ಕಸಗೊಂಡ್ರಿ."

"ಗಡ್ಡಿದೂ ಕಸಗೊಂಡೆನಲ್ರಿ?"

"ಎಲ್ಲಿ ಕಸಗೊಂಡ್ರಿ? ಬಾಯಿಂದ ಬರ್ಲಿಲ್ಲಂದ್ರ ಮೈ ತನ್ನ ಖಂಡಾನ ಕರಗಿಸಿ ರಕ್ತದಾಗ ಸಕ್ರಿ ಬಿಡ್ತದ. ಅದನ್ನೂ ಗಡ್ಡಿನ ಮೊದಲ ಎಳಕೊಂತದ. ನಾಕು ಕಿಲೋ ಹೋತಲ್ಲ, ಅದು ಗಡ್ಡಿಯ ತೂಕ ಅಲ್ರಿ ಅಣ್ಣಾರ, ಅಕ್ಕಾರ ತೂಕ."

"ಮತ್ತ ಆ ಗುಳಿಗಿ?"

"ಗಡ್ಡಿಯ ಆಸಿ ಜರಾ ಕಡಿಮಿ ಮಾಡ್ತದೇನೋ ಅಂತ ನೋಡಾಕತ್ತಾರ. ಮಾಡ್ತದೋ ಇಲ್ಲೋ ಇನ್ನಾ ಯಾರಿಗೂ ಗೊತ್ತಿಲ್ಲ. ಗೊತ್ತಿದ್ರ ಅಭ್ಯಾಸ ಯಾಕ ಅಂತಿದ್ವಿ?"

ಊರಿನ ಬಸ್ಸಿನಲ್ಲಿ ಹಣಮಂತ್ರಾಯ ಕಿಡಕಿಯ ಹೊರಗೆ ನೋಡುತ್ತ ಕುಂತ. ಗುರುಮಠಕಲ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ರೇಣಮ್ಮ ಸೆರಗು ಬಿಗಿದು ತಾನೇ ಇಳಿದಳು. ಇವನು ಹಿಂದೆ ಹಿಂದೆ ಇಳಿದ. ಅವಳು ಹೋಟೆಲಿನ ಬೆಂಚಿನ ಮೇಲೆ ಕುಂತು, "ಒಂದು ಪ್ಲೇಟ್ ಒಗ್ಗರಣಿ, ಎರಡು ಮಿರ್ಚಿ," ಅಂದಳು.

"ಮಿರ್ಚಿ ಖಾರ ಇರ್ತದ, ರೇಣಾ…"

"ನೀವು ಸುಮ್ಮ ಕುಂದರ್ರಿ." ಒಗ್ಗರಣೆ ಹಾಕಿದ ಮಂಡಕ್ಕಿಯನ್ನು ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡಳು. ನಾಲಿಗೆಗೆ ಕಬ್ಬಿಣ ನೆಕ್ಕಿದಂಥ ರುಚಿ. ಆದರೂ ಜಗಿದಳು. "ಇಪ್ಪತ್ತೊಂದು ದಿನ. ರೊಟ್ಟಿ ಬಡಿಯೂ ಸಪ್ಪಳ ಕೇಳಿಕೋತ ಗ್ವಾಡಿ ಕಡಿ ಮಕ ಮಾಡಿ ಮಲಗೀನಿ. ಕೇಳ್ರಿ, ಯಾಕ ಕೇಳಲಿಲ್ಲ ನಾನು? ನಿಮಗ ತಿಳೀತದ ಅಂತ ತಿಳಕೊಂಡಿದ್ದೆ."

ಅವಳು ಎರಡನೆಯ ಮಿರ್ಚಿಯನ್ನು ಅರ್ಧ ಮುರಿದು ಅವನ ಕೈಗಿಟ್ಟಳು. "ತಿನ್ರಿ. ನಿಮ್ಮ ಮಕಾನೂ ಹಾಗಲಕಾಯಿ ಆಗ್ಯಾದ."

ಮರುದಿನ ನಸುಕಿನಲ್ಲಿ ಅವನು ಗೇಟಿನ ಹತ್ತಿರ ಹೋದಾಗ ಕಾಲುವೆ ಅರ್ಧ ತುಂಬಿ ಹರಿಯುತ್ತಿತ್ತು. ಮೇಲಿನ ಹೊಲದವರು ಕಾಲುವೆಗೆ ಪಂಪ್‌ಸೆಟ್ಟು ಇಳಿಸಿ ನೀರೆಳೆದುಕೊಳ್ಳುವುದು, ತುದಿಯ ಹೊಲದವರು ಒಣಗಿ ಕಲ್ಲು ಹಿಡಿದು ಬರುವುದು ಇಲ್ಲಿ ವರ್ಷವರ್ಷದ ಜಗಳ. ಎರಡು ವರ್ಷದ ಹಿಂದೆ ಒಬ್ಬ ಹೊಸ ಇಂಜಿನಿಯರು, ಮೇಲಿನ ಕಳ್ಳರಿಗೆ ಬುದ್ಧಿ ಕಲಿಸುತ್ತೇನೆಂದು ಗೇಟನ್ನೇ ಇಳಿಸಲು ಹೇಳಿದ್ದ. ಹಣಮಂತ್ರಾಯ ಹುಕುಮಿನಂತೆ ಇಳಿಸಿದ್ದ. ನೀರು ತಳಕ್ಕೆ ಹೋಯಿತು. ಮೇಲಿನವರು ಪೈಪನ್ನು ಇನ್ನೂ ಮೂರು ಮೊಳ ಕೆಳಗಿಳಿಸಿ ಎಳೆದುಕೊಂಡರು. ತುದಿಯವರ ಮೆಣಸಿನಕಾಯಿ ಗಿಡ ಎಂಟು ದಿನದಲ್ಲಿ ಕಡ್ಡಿಯಾದವು. ಕಾಲುವೆ ತುಂಬಿ ಹರಿದರೆ ಮೇಲಿನವನು ಎಷ್ಟು ಕದ್ದರೂ ತುದಿಗೆ ಒಂದಿಷ್ಟು ಮುಟ್ಟುತ್ತದೆ. ಇಳಿಸಿದರೆ ಮೊದಲು ಸಾಯುವವನು ತುದಿಯವನು. ಇದು ಇಡೀ ಸಗರದಲ್ಲಿ ಅವನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆ ಇಂಜಿನಿಯರಿಗೆ ಅವನು ಬೆನ್ನ ಹಿಂದೆ ಬೈದ ಬೈಗಳು ಇನ್ನೂ ಕೆಲವರ ಬಾಯಲ್ಲಿವೆ. ಗೇಟಿನ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು ಅವನು ಆ ಬೈಗಳನ್ನೆಲ್ಲ ಒಂದೊಂದಾಗಿ ತನಗೇ ಬೈದುಕೊಂಡ.

ಮನೆಗೆ ಬಂದು ಹೆಂಡತಿಗೆ ಇದನ್ನು ಹೇಳಿದ. ರೇಣಮ್ಮ ಹುಬ್ಬು ಗಂಟಿಕ್ಕಿದಳು.

"ಇಷ್ಟು ತಿಳಿದೋರಿಗಿ ಮನ್ಯಾಗ ಯಾಕ ತಿಳಿಲಿಲ್ಲ?"

"ಮನಿಗಿ ಬಂದಾಗ ಬುದ್ಧಿ ಚಪ್ಪಲಿ ಕೂಡ ಹೊರಗ ಬಿಟ್ಟಿರ್ತೀನಿ ಕಾಣ್ತದ."

ಮೂರು ವಾರದಲ್ಲಿ ಮೊದಲ ಸಲ ಅವಳು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೂ ಸ್ವಲ್ಪ ನಗು ಉಳಿದಿತ್ತು.

ಅವನ ತಾಯಿ ಬಸ್ಸಮ್ಮನನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಮುದುಕಿ ಬೆಲ್ಲದ ಪೆಂಟೆಯನ್ನು ಜೋಳದ ಗುಮ್ಮಿಯ ತಳಕ್ಕೆ ಹೂತಿಟ್ಟು ಅದರ ಮುಂದೆಯೇ ಹಾಸಿಗೆ ಹಾಸಿದ್ದಳು.

"ಉಪಾಸ ಬಿದ್ರ ಎಂಥಾ ಬ್ಯಾನಿನೂ ಓಡ್ತದ ಅಂತ ನಮ್ಮ ಹಿರೇರು ಹೇಳ್ಯಾರ. ನೀ ಏನ್ ಅವರಕಿಂತ ಶಾಣ್ಯಾ ಆದೇನಲೇ ಹಣಮ್ಯಾ?"

"ಯವ್ವಾ, ಬ್ಯಾನಿ ಓಡೂಕಿಂತ ಮೊದಲ ನಿನ್ನ ಸೊಸಿ ಓಡ್ತಾಳ."

ಕುಬ್ರಾಬೇಗಂ ಹೊಸ್ತಿಲಲ್ಲಿ ಕುಂತು ಬಾಯಿ ಹಾಕಿದಳು. "ಬೇಟಾ, ಡಾಕ್ಟರಗೋಳು ದಿನಕ್ಕೊಂದು ಹೇಳ್ತಾರ. ಆ ಗುಳಿಗಿ ಶುಗರಿಂದೇ. ನನ್ನ ಕಣ್ಣಾಣಿ."

"ಖಾಲಾ," ರೇಣಮ್ಮ ಒಳಗಿನಿಂದಲೇ ಕೂಗಿದಳು, "ನಿಮ್ಮ ಶುಗರ್ ಬ್ಯಾರೆ, ನನ್ನ ಗಡ್ಡಿ ಬ್ಯಾರೆ. ನೀವು ಚಾದಾಗ ಮೂರು ಚಮಚ ಸಕ್ರಿ ಹಾಕ್ಕೊಂಡು ಕುಡದು ನನಗ ಹಾಗಲಕಾಯಿ ತಿನ್ನಸ್ತೀರಿ."

"ತೋಬಾ ತೋಬಾ! ಯಾರ್ ನೋಡ್ಯಾರ?"

"ಇಡೀ ಓಣಿ ನೋಡ್ಯಾದ!"

ಕುಬ್ರಾಬೇಗಂ ಮುಖ ಊದಿಸಿಕೊಂಡು ಎದ್ದು ಹೋದಳು. ಆದರೆ ಮರುದಿನ ಮುಂಜಾನೆ ಹೊಸ್ತಿಲ ಮೇಲೆ ಆರು ತತ್ತಿ ಇದ್ದವು. ಆವತ್ತಿನಿಂದ ಅವಳ ಕೋಳಿ ಇಟ್ಟ ತತ್ತಿ ಒಂದೂ ಅವಳ ಮನೆಯ ಒಲೆ ಕಾಣಲಿಲ್ಲ. ಬಸ್ಸಮ್ಮ ಎರಡು ದಿನ ಗೊಣಗಿ ಮೂರನೆಯ ದಿನ ಗುಮ್ಮಿಯೊಳಗೆ ಕೈಹಾಕಿದಳು.

ಜಗದೇವಪ್ಪ ಹೇಳಿಕೊಟ್ಟಿದ್ದ: ಒಮ್ಮೆಲೇ ತುಂಬಬೇಡಿ, ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ, ಕಾಳು, ತತ್ತಿ, ಹಾಲು ಬಿಡಬೇಡಿ, ನಾಲ್ಕು ಹೆಜ್ಜೆ ನಡೆಸಿ, ತಿಂದದ್ದು ಖಂಡವಾಗಬೇಕು. ರೇಣಮ್ಮ ಅದನ್ನು ನೌಕರಿಯಂತೆ ಹಿಡಿದಳು. ಮುಂಜಾನೆ ಹಾಲಿನಲ್ಲಿ ಕಿವುಚಿದ ರೊಟ್ಟಿ. ಹನ್ನೊಂದಕ್ಕೆ ತತ್ತಿ. ಮಧ್ಯಾಹ್ನ ಮಡಕಿಕಾಳಿನ ಪಲ್ಯ, ಅನ್ನ. ಸುರಪುರದಿಂದ ಅವಳ ಅಣ್ಣ ಕಳಿಸಿದ ಶೇಂಗಾವನ್ನು ಬಸ್ಸಮ್ಮ ಬೆಲ್ಲ ಹಾಕಿ ಕುಟ್ಟಿ ಉಂಡೆ ಕಟ್ಟಿದಳು. ಹಸಿವೆ ಇರಲಿಲ್ಲ, ರುಚಿ ಇರಲಿಲ್ಲ. ಪ್ರತಿ ತುತ್ತನ್ನೂ ಅವಳು ಕಲ್ಲು ಹೊತ್ತು ದಿಬ್ಬ ಏರಿದಂತೆ ಏರಿಸಿ ನುಂಗಿದಳು. ಸಂಜೆಗೆ ಓಣಿಯ ತುದಿಯವರೆಗೆ ಹೋಗಿ ಬರುವಳು. ಮೊದಲ ವಾರ ನಡುವೆ ಮೂರು ಕಟ್ಟೆಯ ಮೇಲೆ ಕುಂತಳು, ಎರಡನೆಯ ವಾರ ಒಂದರ ಮೇಲೆ.

ತೂಕ ನೋಡಲು ಹಂಪಣ್ಣನ ಅಡತಿಗೆ ಹೋಗುತ್ತಿದ್ದರು. ಹತ್ತಿ, ಮೆಣಸಿನಕಾಯಿ ಚೀಲ ತೂಗುವ ಅವನ ಕಾಂಟಾದ ಮೇಲೆ ಭಾನುವಾರಕ್ಕೊಮ್ಮೆ ರೇಣಮ್ಮ ನಿಲ್ಲುವಳು.

"ಮೂವತ್ತೆಂಟೂ ನಾನೂರು," ಎಂದ ಹಂಪಣ್ಣ ಎರಡನೆಯ ಭಾನುವಾರ.

ಹಣಮಂತ್ರಾಯನ ಮುಖ ಇಳಿಯಿತು. ಇಷ್ಟು ತಿಂದು ಇನ್ನೂರು ಗ್ರಾಂ? ಅಂಗನವಾಡಿಯ ಹನುಮಮ್ಮ ದಾರಿಯಲ್ಲಿ ಸಿಕ್ಕವಳು ಇದನ್ನು ಕೇಳಿ, ರೇಣಮ್ಮನ ಕೈ ಹಿಡಿದು ತನ್ನ ಕೂಸುಗಳ, ಬಸುರಿಯರ ತೂಕ ನೋಡುವ ಯಂತ್ರದ ಮೇಲೆ ನಿಲ್ಲಿಸಿದಳು. ಮೂವತ್ತೊಂಬತ್ತೂ ಇನ್ನೂರು! ಹಣಮಂತ್ರಾಯ ನೆಟ್ಟಗೆ ಅಡತಿಗೆ ಹೋದ.

"ಏನ್ರಿ ಹಂಪಣ್ಣನೋರ, ನಲವತ್ತು ಕಿಲೋದಾಗ ಎಂಟು ನೂರು ಗ್ರಾಂ ನುಂಗತದಲ್ರಿ ನಿಮ್ಮ ಕಾಂಟಾ. ನನ್ನ ಹೆಂಡತಿ ಗಡ್ಡಿಗಿಂತ ಹಸದಾದ."

"ಹಳೇ ಕಾಂಟಾ ಅದ ಮಾರಾಯ, ಜರಾ ಹಿಂದ ಮುಂದ ಆಗ್ತದ."

"ಇಪ್ಪತ್ತು ವರ್ಷದಾಗ ಒಮ್ಮಿನೂ ಮುಂದ ಆಗಲಿಲ್ಲಲ್ರಿ ಅದು!"

ಅಡತಿಯಲ್ಲಿ ಕುಂತ ರೈತರು ಘೊಳ್ಳೆಂದು ನಕ್ಕರು. ಆ ವಾರದಲ್ಲಿ ಹಂಪಣ್ಣ ಕಾಂಟಾ ದುರಸ್ತಿ ಮಾಡಿಸಿದನಂತೆ. ರೇಣಮ್ಮ ಮಾತ್ರ ಮತ್ತೆ ಆ ಕಡೆ ಹೋಗಲಿಲ್ಲ, ಅಂಗನವಾಡಿಯಲ್ಲೇ ಕೂಸುಗಳ ಸರದಿಯಲ್ಲಿ ನಿಂತಳು.

ಮೂರನೆಯ ವಾರ ನಲವತ್ತು. ಇನ್ನೇನು ಎನ್ನುವಾಗ ನಾಲ್ಕನೆಯ ವಾರ ಹೊಟ್ಟೆ ಕೆಟ್ಟಿತು. ಮೂರು ದಿನ ತಿಂದದ್ದೆಲ್ಲ ವಾಂತಿ. ನಾಲ್ಕನೆಯ ದಿನ ಯಂತ್ರ ಮೂವತ್ತೊಂಬತ್ತಕ್ಕೆ ಇಳಿದಿತ್ತು. ಮಧ್ಯಾಹ್ನ ಅವಳು ಬಚ್ಚಲ ಗೋಡೆ ಹಿಡಿದು ಕುಂತದ್ದನ್ನು ನೋಡಿ ಹಣಮಂತ್ರಾಯ ನೀರಿನ ತಂಬಿಗೆ ತಂದು ಪಕ್ಕದಲ್ಲಿಟ್ಟ.

"ಬಿಡು ರೇಣಾ. ಇನ್ನ ಜುಲುಮಿ ಬ್ಯಾಡ. ಆದಷ್ಟು ಆತು."

ರೇಣಮ್ಮ ಬಾಯಿ ಮುಕ್ಕಳಿಸಿ ಉಗುಳಿದಳು. ಕಣ್ಣಲ್ಲಿ ನೀರಿತ್ತು, ವಾಂತಿಯದೋ ಸಿಟ್ಟಿನದೋ ಹೇಳಲು ಬಾರದು.

"ನೀವ ಬಂದ್ ಮಾಡಿದ್ರಿ, ನೀವ ಚಾಲು ಮಾಡಿದ್ರಿ, ಈಗ ಮತ್ತ ನೀವ ಬಂದ್ ಅಂತೀರಿ. ಇದು ನನ್ನ ಹೊಟ್ಟಿ ಅದ, ನಿಮ್ಮ ಕಾಲುವಿ ಅಲ್ಲ. ಆ ಜಗದೇವಪ್ಪಗ ಫೋನ್ ಹಚ್ಚಿ ಕೇಳ್ರಿ, ವಾಂತಿಗಿ ಏನ್ ಮಾಡೂದು ಅಂತ. ಅಳೂದಿದ್ರ ಆಮ್ಯಾಲ ಅಳಕೊಂತ ಕುಂದ್ರೂಣು."

ಫೋನಿನಲ್ಲಿ ಜಗದೇವಪ್ಪ ಗುಳಿಗೆಯ ಮೇಲೆಯೇ ಅನುಮಾನಪಟ್ಟ. ಕೆಲವರ ಹೊಟ್ಟೆಗೆ ಅದು ಆಗಿಬರುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದಾರಾ? ಹೌದು, ಮುಂಜಾನೆ ಎದ್ದ ಕೂಡಲೇ. ಅವನು ಡಾಕ್ಟರಮ್ಮನನ್ನು ಕೇಳಿ ಅರ್ಧ ತಾಸಿನಲ್ಲಿ ತಿರುಗಿ ಫೋನ್ ಮಾಡಿದ: ಎರಡು ದಿನ ಗುಳಿಗೆ ಬೇಡ, ಆಮೇಲೆ ಅರ್ಧ, ಅದೂ ಊಟದ ನಡುವೆ. ವಾಂತಿ ನಿಂತಿತು. ಆ ಸಂಜೆ ರೇಣಮ್ಮ ನಾಲ್ಕು ಚಮಚ ಗಂಜಿ ಕುಡಿದಳು, ಒಂದು ತಾಸು ಬಿಟ್ಟು ಮತ್ತೆ ನಾಲ್ಕು. ಅವನು ಗಡಿಯಾರ ನೋಡುತ್ತ ಕುಂತ. ಚಮಚ ಅವಳ ಕೈಯಲ್ಲೇ ಇತ್ತು.

ಐದನೆಯ ವಾರದ ಸೋಮವಾರ, ಗೇಟನ್ನು ಜೊತೆಗಾರ ಅಂಬ್ರಪ್ಪನಿಗೆ ಒಪ್ಪಿಸಿ ಹೈದರಾಬಾದಿಗೆ ಹೋದರು. ಯಂತ್ರ ನಲವತ್ತು ಪಾಯಿಂಟ್ ಆರು ತೋರಿಸಿತು.

"ನಾನೂರು ಗ್ರಾಂ ಕಡಿಮಿ," ಎಂದ ಜಗದೇವಪ್ಪ, ತಪ್ಪು ತನ್ನದೇ ಎಂಬ ದನಿಯಲ್ಲಿ. "ಶುಕ್ರವಾರ ಕಡೀ ದಿನ ಅದ. ಇಲ್ಲೇ ಇರ್ತೀರೇನು?"

"ಇರ್ತೀವಿ," ಎಂದಳು ರೇಣಮ್ಮ, ಗಂಡ ಬಾಯಿ ತೆರೆಯುವ ಮೊದಲೇ.

ದವಾಖಾನೆಯ ಹಿಂದಿನ ಛತ್ರದಲ್ಲಿ ಒಂದು ಮೂಲೆ ಸಿಕ್ಕಿತು. ಬಸ್ಸಮ್ಮ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಉಂಡೆ, ಹೊರಗಿನಿಂದ ತತ್ತಿ, ಹಾಲು. ಆರು ಸಲ. ಮಂಗಳವಾರ, ಬುಧವಾರ, ಗುರುವಾರ. ಶುಕ್ರವಾರ ಮುಂಜಾನೆ ಹಣಮಂತ್ರಾಯನಿಗೆ ತಡೆಯಲಾಗಲಿಲ್ಲ. ಒಂದು ಲೀಟರು ನೀರೆಂದರೆ ಒಂದು ಕಿಲೋ. ನೀರಿನ ನೌಕರನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತುಂಬಿದ ಬಾಟ್ಲಿಯನ್ನು ಅವಳ ಮುಂದೆ ಹಿಡಿದ.

"ಗಟಗಟ ಕುಡದುಬಿಡು. ತೂಕ ಆದ ಮ್ಯಾಲ ಹೋಗಿ ಬರ್ವಂತಿ."

ರೇಣಮ್ಮ ಬಾಟ್ಲಿ ನೋಡಿದಳು. ಆಸೆ ಅವಳಿಗೂ ಆಯಿತು. ಕೈ ಒಂದಿಷ್ಟು ಮುಂದೆ ಬಂದು ನಿಂತಿತು.

"ಯಂತ್ರಕ್ಕ ಸುಳ್ಳು ಹೇಳಬಹುದು. ಇಂಜೆಕ್ಷನ್ ತಡಕೊಳ್ಳೂದು ಯಂತ್ರ ಅಲ್ಲ, ನಾನು. ಮೈ ತಯಾರಿಲ್ಲಂದ್ರ ಅದನ್ನ ಹಾಕ್ಕೊಂಡು ಸಾಯ್ಲೇನು?" ಬಾಟ್ಲಿಯನ್ನು ಪಕ್ಕಕ್ಕಿಟ್ಟು ಎದ್ದಳು. "ನಡೀರಿ. ಆಗಿದ್ರ ಆಗ್ಯಾದ."

ಯಂತ್ರದ ಮೇಲೆ ನಿಂತಳು. ಅಂಕಿ ನಲವತ್ತು ಪಾಯಿಂಟ್ ಒಂಬತ್ತಕ್ಕೆ ಹೋಯಿತು, ನಲವತ್ತೊಂದು ಪಾಯಿಂಟ್ ಎರಡಕ್ಕೆ ಏರಿತು, ಅಲ್ಲೇ ನಿಂತಿತು. ಜಗದೇವಪ್ಪ ಕೈ ಅಡ್ಡ ಹಿಡಿದ. "ಶಾಲು ತಗೀರಿ ಅಕ್ಕಾರ. ಮತ್ತೊಮ್ಮಿ."

ಶಾಲು ತೆಗೆದು ಗಂಡನ ಹೆಗಲಿಗೆ ಎಸೆದಳು. ಇಳಿದಳು, ಹತ್ತಿದಳು. ಹಣಮಂತ್ರಾಯ ಅಂಕಿ ನೋಡಲಾರದೆ ಅವಳ ಪಾದ ನೋಡಿದ. ಹಿಮ್ಮಡಿಗಳು ನೆಲ ಕಚ್ಚಿದಂತೆ ಊರಿಕೊಂಡಿದ್ದವು.

"ನಲವತ್ತೊಂದು," ಎಂದ ಜಗದೇವಪ್ಪ. "ಬರೋಬ್ಬರಿ ನಲವತ್ತೊಂದು."

ಡಾಕ್ಟರಮ್ಮ ರಕ್ತದ ವರದಿ ನೋಡಿ ತಲೆಯಾಡಿಸಿದರು. ಹತ್ತೂವರೆಗೆ ಸೂಜಿ ಚುಚ್ಚಿದರು. ಮೇಲಿನ ಬಾಟ್ಲಿಯಿಂದ ಔಷಧ ಹನಿಹನಿಯಾಗಿ ಇಳಿಯತೊಡಗಿತು. ಹಣಮಂತ್ರಾಯ ಸ್ಟೂಲಿನ ಮೇಲೆ ಕುಂತು ಅದನ್ನೇ ನೋಡಿದ.

"ಗಡ್ಡಿ ಕರಗತದೇನ್ರಿ?" ಎಂದು ಕೇಳಿದ ಮೆಲ್ಲಗೆ.

"ಈಗ ಹೇಳಾಕ ಬರಂಗಿಲ್ರಿ ಅಣ್ಣಾರ. ಮುಂದಿನ ಸಲ ಸ್ಕ್ಯಾನ್ ಮಾಡ್ತೀವಿ. ಕರಗಬಹುದು, ಕರಗದೇನೂ ಇರಬಹುದು." ಜಗದೇವಪ್ಪ ಫೈಲು ಬಿಡಿಸಿ ಇವತ್ತಿನ ಸಾಲಿನಲ್ಲಿ ತೂಕ ಬರೆದ.

ರೇಣಮ್ಮ ಮಲಗಿದಲ್ಲಿಂದಲೇ ಕತ್ತು ಎತ್ತಿದಳು. "ಮುಂದಿನ ಸಲಕ್ಕ ಎಷ್ಟಿರಬೇಕ್ರಿ ತೂಕ?"

"ಇದರಕಿಂತ ಕಡಿಮಿ ಆಗದಿದ್ರ ಸಾಕು ಅಕ್ಕಾರ."

"ನಲವತ್ತೆರಡು ಬರಕೋರಿ."

"ಹಂಗ ಮುಂಚೇನ ಬರಿಯಾಕ ಬರಂಗಿಲ್ರಿ."

"ಪೆನ್ಸಿಲ್‌ನಾಗ ಬರೀರಿ," ಎಂದಳು ರೇಣಮ್ಮ. ಜಗದೇವಪ್ಪ ಜೇಬಿನಲ್ಲಿ ಪೆನ್ಸಿಲು ಹುಡುಕುವವರೆಗೆ ಅವಳು ಕತ್ತು ಇಳಿಸಲಿಲ್ಲ.